ಅಜ್ಜಿ ಹೇಳಿದರೆ ಕೆಮ್ಮುತ್ತಾಳೆ

ಓನರಮ್ಮನವರಿಗೆ ಮೇಲಿನ ಮನೆಯವಳ ನಮಸ್ಕಾರ.

ನಲ್ಲಿ ಸರಿಮಾಡಿಸಿದಿರಿ, ಉಪಕಾರವಾಯಿತು. ಬರೆಯುತ್ತಿರುವುದು ಅದಕ್ಕಲ್ಲ. ಈ ದೇಶದಲ್ಲಿರಲು ನಮಗಿನ್ನೂ ಕಾಗದಪತ್ರ ಸಿಕ್ಕಿಲ್ಲವೆಂದು ಗೊತ್ತಿದ್ದೂ ಕೋಣೆ ಕೊಟ್ಟಿರಿ. "ಮಗು ಸದ್ದು ಆಚೆ ಕೇಳಿಸ್ಬಾರ್ದು ಕಣಮ್ಮ, ಪೊಲೀಸ್ರು ಬಂದ್ರೆ ನನ್ ತಲೆಗೇ ಬರುತ್ತೆ" ಅಂದಿದ್ದಿರಿ. ಅದಕ್ಕೇ ಮಗಳಿಗೆ ಕೆಮ್ಮು ಬಂದಾಗಲೆಲ್ಲ "ಕೆಳಗಿನ ಅಜ್ಜಿ ಬಂದ್ರು, ಬಾಯ್ ಮುಚ್ಕೋ" ಎಂದು ನಿಮ್ಮ ಹೆಸರಲ್ಲೇ ಹೆದರಿಸುತ್ತಿದ್ದೆ. ಪಾಪದ್ದು, ಕಲಿತುಬಿಟ್ಟಿತು. ಈಗ ನಿದ್ದೆಯಲ್ಲೂ ಹೊದಿಕೆ ಕಚ್ಚಿ ಕೆಮ್ಮು ನುಂಗುತ್ತಾಳೆ. ಅವಳೆದೆಯ ಗೊರಗೊರ ಕೇಳುತ್ತ ನನಗೆ ರೆಪ್ಪೆ ಮುಚ್ಚುವುದಿಲ್ಲ.

ಕಾಗದಪತ್ರ ಕೇಳದ ಕ್ಲಿನಿಕ್ಕಿನಲ್ಲಿ ನಿನ್ನೆ ಕೊನೆಗೂ ನಮ್ಮ ಸರದಿ ಬಂತು. ಡಾಕ್ಟರು "ಎಲ್ಲಿ ಪುಟ್ಟಿ, ಒಂದ್ಸಲ ಕೆಮ್ಮು" ಅಂದರೆ ಇವಳು ಎರಡೂ ಕೈ ಬಾಯಿಗೊತ್ತಿ ಉಸಿರನ್ನೇ ಬಿಗಿಹಿಡಿದಳು. "ಉಸಿರೇ ಬಿಡ್ತಿಲ್ವಲ್ರೀ, ನಾನೇನು ಕೇಳಿಸ್ಕೊಳ್ಲಿ? ನಾಳೆ ಕರ್ಕೊಂಡ್ ಬನ್ನಿ" ಎಂದು ಕಳಿಸಿಬಿಟ್ಟರು.

ಇವತ್ತು ಮತ್ತೆ ಹೋಗಬೇಕು. ಕೆಮ್ಮಬಹುದು ಅಂತ ನಾನೆಷ್ಟು ಹೇಳಿದರೂ "ಅಜ್ಜಿ ಬೈತಾರೆ" ಅನ್ನುತ್ತಾಳೆ. ನಾವು ಹೊರಡುವ ಮುಂಚೆ ದಯವಿಟ್ಟು ಒಂದು ಸಲ ಮೇಲೆ ಬಂದು "ಕೆಮ್ಮು ಮರೀ" ಎಂದು ನೀವೇ ಹೇಳಬೇಕು. ಕಾಲುನೋವಿದ್ದರೆ ಮೆಟ್ಟಿಲ ಬುಡದಿಂದಲೇ ಕೂಗಿ. ಅಕ್ಕಪಕ್ಕದವರಿಗೆ ಕೇಳಿಸಿದರೆ ಕೇಳಿಸಲಿ, ಅವಳಿಗೆ ಕೇಳಿಸಬೇಕು.

ಇಂತು,
ಮೇಲಿನ ಮನೆಯ ಪುಟ್ಟಿಯ ಅಮ್ಮ