ಅಮ್ಮ ಹೇಳಿಕೊಟ್ಟ ಮಾತು

ಜೂನ್ ಹದಿನಾಲ್ಕು, ಭಾನುವಾರ ಮಧ್ಯಾಹ್ನ

ನನ್ನ ಮಗಳು ಪುಟ್ಟಜ್ಜಿಗೆ,

ನೀನು ಚೆನ್ನಾಗಿದ್ದೀಯ ಎಂದುಕೊಂಡಿದ್ದೇನೆ. ಹಾಗೆ ಅಂದುಕೊಳ್ಳುವುದರಲ್ಲೇ ನನ್ನ ತಾಯ್ತನವೆಲ್ಲ ಕಳೆದುಹೋಯಿತೇನೋ ಎಂಬ ಅನುಮಾನ ಗುರುವಾರದಿಂದ ಶುರುವಾಗಿದೆ. ಫೋನಿನಲ್ಲೇ ಹೇಳೋಣವೆಂದು ಮೂರು ಸಲ ನಿನಗೆ ಮಾಡಿದೆ. ಮೂರು ಸಲವೂ ನಿನ್ನ ದನಿ ಕೇಳಿದೊಡನೆ ಊಟವಾಯಿತೇ ಎಂದು ಕೇಳಿ ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ. ಪ್ರಯೋಗಾಲಯದ ಕೆಲಸ ಮುಗಿಸಿ ಬಂದು, ಕೂತು ಓದು. ನಿಂತು ಓದಬೇಡ.

ನಮ್ಮಂಥ ಶಾಲಾ ಸಮಾಜ ಕಾರ್ಯಕರ್ತರಿಗೆಂದು ಮೂರು ದಿನದ ತರಬೇತಿ ಇತ್ತು. ತರಬೇತಿ ಎಂದರೆ ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ, ನಿನಗೆ ಗೊತ್ತು. ಇಪ್ಪತ್ತೊಂದು ವರ್ಷ ಮಕ್ಕಳ ಕಣ್ಣೀರು ಒರೆಸಿದವಳಿಗೆ ಇನ್ನೇನು ಕಲಿಸುತ್ತಾರೆ ಎಂಬ ಕೊಬ್ಬು. ಮುಖ್ಯೋಪಾಧ್ಯಾಯರು ಬಿಡಲಿಲ್ಲ, ಹೋದೆ. ಗ್ರಂಥಾಲಯದ ಮಹಡಿಯಲ್ಲೊಂದು ಉದ್ದನೆಯ ಕೋಣೆ, ಕಿರುಗುಟ್ಟುವ ಫ್ಯಾನು, ನಲವತ್ತು ಜನ. ಕೈಗೊಂದು ದಪ್ಪ ಕೈಪಿಡಿ ಕೊಟ್ಟರು. ಮಗುವಿನ ಮಾತನ್ನು ದಾಖಲೆಯಲ್ಲಿ ಹೇಗೆ ಬರೆಯಬೇಕು, ಯಾವಾಗ ವೈದ್ಯರ ಬಳಿ ಕಳಿಸಬೇಕು, ಕೇಳಿ ಕೇಳಿ ನಮ್ಮ ಮನಸ್ಸೇ ದಣಿದರೆ ಏನು ಮಾಡಬೇಕು, ಹೀಗೆ. ಮೊದಲ ದಿನವೆಲ್ಲ ನಾನು ಅದರ ಅಂಚಿನಲ್ಲಿ ಬಳ್ಳಿ ಬಿಡಿಸಿದೆ.

ಹೇಳಿಕೊಡುತ್ತಿದ್ದವರು ನಮ್ಮದೇ ಕೆಲಸದಿಂದ ನಿವೃತ್ತರಾದ ಒಬ್ಬ ಹೆಂಗಸು. ತೆಳ್ಳಗಿನ ಮೈ, ಕುತ್ತಿಗೆವರೆಗೆ ಕತ್ತರಿಸಿದ ಬಿಳಿ ಕೂದಲು, ಉತ್ತರ ಕೊಡುವ ಮುಂಚೆ ಕೇಳಿದವರ ಮುಖ ನೋಡುವ ಅಭ್ಯಾಸ. ಗುರುವಾರ ಬೆಳಗಿನ ಪಾಠ, ಗುಟ್ಟು ಹೊತ್ತ ಮಕ್ಕಳ ಬಗ್ಗೆ. ಅವರು ನೋಡಿಕೊಂಡಿದ್ದ ಹಳೆಯ ವಿದ್ಯಾರ್ಥಿಗಳು ದೊಡ್ಡವರಾದ ಮೇಲೆ ತಾವೇ ಬರೆದು, ಒಪ್ಪಿಗೆ ಕೊಟ್ಟ ಬರಹಗಳು ಕೈಪಿಡಿಯಲ್ಲಿದ್ದವು. ಹೆಸರಿಲ್ಲ, ಶಾಲೆಯ ಸುಳಿವಿಲ್ಲ. ಮೂವತ್ತೆರಡನೇ ಪುಟವನ್ನು ಯಾರಾದರೂ ಗಟ್ಟಿಯಾಗಿ ಓದಿ ಎಂದು ಮುಂದಿನ ಸಾಲಿನಲ್ಲಿದ್ದ ನನ್ನ ಕಡೆ ಕೈ ತೋರಿಸಿದರು. ನನ್ನ ಗಂಟಲ ಬಗ್ಗೆ ನನಗಿರುವ ಜಂಬ ನಿನಗೆ ಗೊತ್ತೇ ಇದೆ. ಸೆರಗು ಸರಿಮಾಡಿಕೊಂಡು ಎದ್ದು ನಿಂತೆ.

ನನಗಾಗ ಹದಿಮೂರು ವರ್ಷ, ಎಂದು ಶುರುವಾಗಿತ್ತು. ಅಪ್ಪ ಹಾಸಿಗೆಯಿಂದ ಏಳುವುದನ್ನೇ ನಿಲ್ಲಿಸಿದ್ದರು, ಕೊನೆಗೆ ಮನಸ್ಸಿನ ಕಾಯಿಲೆಯ ಆಸ್ಪತ್ರೆಗೆ ಸೇರಿಸಿದರು. ಇಂಥದ್ದು ಎಷ್ಟು ಮನೆಗಳಲ್ಲಿಲ್ಲ? ನಾನು ದನಿಯಲ್ಲಿ ಅಷ್ಟಿಷ್ಟು ಮರುಕ ಬೆರೆಸಿ ಸಲೀಸಾಗಿ ಓದಿಕೊಂಡು ಹೋದೆ. ಆಮೇಲೆ ಈ ಸಾಲು ಬಂತು.

"ಅಮ್ಮ ನನ್ನನ್ನು ಅಡುಗೆಮನೆಯಲ್ಲಿ ನಿಲ್ಲಿಸಿಕೊಂಡು ಒಂದು ಮಾತು ಹೇಳಿಕೊಟ್ಟರು. ಯಾರಾದ್ರೂ ಕೇಳಿದ್ರೆ, ಅಪ್ಪ ದೂರದ ಊರಲ್ಲಿ ಹೊಸ ಕನ್ನಡಕದ ಅಂಗಡಿಗೆ ಗಾಜು ಉಜ್ಜಿಕೊಡೋಕೆ ಹೋಗಿದಾರೆ ಅನ್ನು. ನನ್ನಿಂದ ಮೂರು ಸಲ ಹೇಳಿಸಿದರು. ಮೂರನೇ ಸಲ ತಡವರಿಸದೆ ಹೇಳಿದೆನೆಂದು ಕೆನ್ನೆ ತಟ್ಟಿದರು."

ಮಗಳೇ, ಅಕ್ಷರಗಳು ಇರುವೆ ಸಾಲಿನ ಹಾಗೆ ಹರಿದಾಡಿದವು. ಜಗತ್ತಿನಲ್ಲಿ ಇನ್ನೊಬ್ಬ ತಾಯಿ ಆ ಮಾತನ್ನು ಕಟ್ಟಿರಲಾರಳು. ನಿನ್ನ ಅಪ್ಪನ ಗಾಜು ಉಜ್ಜುವ ಕಸುಬನ್ನೇ ಹೆಣೆದು ಅದನ್ನು ಕಟ್ಟಿದವಳು ನಾನು, ಒಲೆಯ ಮುಂದೆ ನಿಂತು, ಕೈಯಲ್ಲಿ ಸೌಟು ಹಿಡಿದುಕೊಂಡು. ನಲವತ್ತು ಜನ ನನ್ನ ಬಾಯಿ ನೋಡುತ್ತಿದ್ದಾರೆ, ನನ್ನದೇ ಸುಳ್ಳನ್ನು ನಾನು ಸೊಗಸಾಗಿ ಓದುತ್ತಿದ್ದೇನೆ. ನಿಲ್ಲಿಸಿದರೆ ಗೊತ್ತಾಗಿಬಿಡುತ್ತದೆ ಎಂದು ಓದುತ್ತಲೇ ಹೋದೆ. ನೋಡು, ಅಂಥ ಹೊತ್ತಿನಲ್ಲೂ ನನಗೆ ಕಾಣಿಸಿದ್ದು ಮರ್ಯಾದೆಯೇ.

ಮುಂದಿನದನ್ನು ಬರೆದವಳು ನೀನು, ನಿನಗೆ ನಾನೇನು ಹೇಳಲಿ. ಆದರೂ ನಾನು ಓದಿದ್ದನ್ನು ನಾನು ಬರೆಯಲೇಬೇಕು. ಊಟದ ಬಿಡುವಿನಲ್ಲಿ ಸೈಕಲ್ ಶೆಡ್ಡಿನ ಹಿಂದಿನ ಸಣ್ಣ ಗೇಟಿನಿಂದ ಹೊರಬಿದ್ದು ಬಸ್ಸು ಹತ್ತುತ್ತಿದ್ದೆಯಂತೆ. ನಾಲ್ಕು ನಿಲ್ದಾಣ. ಆಸ್ಪತ್ರೆಯ ಎದುರಿನ ಕಲ್ಲುಬೆಂಚಿನ ಮೇಲೆ ಕೂತು ಮೂರನೇ ಮಹಡಿಯ ಕಿಟಕಿಗಳನ್ನು ನೋಡಿ, ಗಂಟೆ ಹೊಡೆಯುವುದರೊಳಗೆ ಓಡಿ ಬರುತ್ತಿದ್ದೆಯಂತೆ. ಒಂದು ದಿನವಲ್ಲ, ಎರಡು ದಿನವಲ್ಲ, ಐದು ವಾರ. ಊಟದ ಡಬ್ಬಿಯನ್ನು ನಿಲ್ದಾಣದ ನಾಯಿಗೆ ಹಾಕುತ್ತಿದ್ದೆಯಂತೆ. ಸಂಜೆ ಆ ಖಾಲಿ ಡಬ್ಬಿ ನೋಡಿ ನಾನು, ಬೆಳೆಯುವ ವಯಸ್ಸು, ಹಸಿವು ಜಾಸ್ತಿಯಾಗಿದೆ ಎಂದು ಮರುದಿನ ಇನ್ನೊಂದು ತುತ್ತು ಹೆಚ್ಚು ಹಾಕುತ್ತಿದ್ದೆ. ಊರ ಮಕ್ಕಳ ಮುಖ ಓದುವವಳು, ಮನೆಯ ಡಬ್ಬಿ ಓದಲಿಲ್ಲ.

ನಿಮ್ಮ ಶಾಲೆಯ ಸಮಾಜ ಕಾರ್ಯಕರ್ತೆ ನಿನ್ನನ್ನು ಗೇಟಿನ ಬಳಿ ಹಿಡಿದರಂತೆ. ಬೈಯಲಿಲ್ಲವಂತೆ. ಆಸ್ಪತ್ರೆಗೆ ಹೋಗಿ, ವೈದ್ಯರನ್ನು ಕಂಡು, ತಂದೆಯೂ ಪೋಷಕರೇ ತಾನೇ ಎಂದು ನಿನ್ನ ಅಪ್ಪನಿಂದಲೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿದರಂತೆ. ಆಮೇಲೆ ಪ್ರತಿ ಗುರುವಾರ ನಿನ್ನ ಜೊತೆ ಅದೇ ಬಸ್ಸಿನಲ್ಲಿ ಬಂದರಂತೆ, ಅಪ್ಪ ಮನೆಗೆ ಬರುವವರೆಗೂ. ಕೊನೆಯಲ್ಲಿ ನೀನು ಬರೆದಿದ್ದೆ: ಅಮ್ಮನಿಗೆ ಹೇಳಲಿಲ್ಲ, ಅಮ್ಮ ಬೇರೆ ಮಕ್ಕಳ ಮಾತು ಕೇಳಿ ಕೇಳಿ ದಣಿದು ಬರುತ್ತಿದ್ದರು. ಬೈದು ಬರೆದಿದ್ದರೆ ತಡೆದುಕೊಳ್ಳುತ್ತಿದ್ದೆ. ನೀನು ಕನಿಕರಪಟ್ಟಿದ್ದೀಯ.

ಕೂತೆ. ಚಪ್ಪಾಳೆ ತಟ್ಟಿದರು, ಚೆನ್ನಾಗಿ ಓದಿದೆನೆಂದು. ಆ ಮಗುವಿಗೆ ಆಸರೆಯಾದದ್ದು ಯಾವುದು, ಅಡ್ಡಿಯಾದದ್ದು ಯಾವುದು ಎಂದು ಗುಂಪು ಗುಂಪಾಗಿ ಹಾಳೆಯ ಬಲಗಡೆ ಎಡಗಡೆ ಬರೆಯಬೇಕಿತ್ತು. ಅಕ್ಷರ ದುಂಡಗಿದೆ ಎಂದು ನಮ್ಮ ಗುಂಪಿನವರು ಪೆನ್ನನ್ನು ನನ್ನ ಕೈಗೇ ಕೊಟ್ಟರು. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು, ಆ ತಾಯಿ ಎಂಥ ಕಲ್ಲೆದೆಯವಳಿರಬೇಕು ಎಂದಳು. ಎಡಗಡೆ ಮೊದಲ ಸಾಲಿನಲ್ಲಿ 'ತಾಯಿ' ಎಂದು ಬರೆದೆ. ನನ್ನ ಕೈಯಿಂದಲೇ.

ಊಟದ ಬಿಡುವಿನಲ್ಲಿ ಆ ಹಿರಿಯರು ಕಿಟಕಿಯ ಬಳಿ ಒಬ್ಬರೇ ಇದ್ದರು. ಹೋಗಿ, ಆ ತಾಯಿ ನಾನೇ, ಆ ಬಸ್ಸು ಹತ್ತಿದವರು ನೀವಾ ಎಂದು ಕೇಳಿದೆ. ಕೈಯಲ್ಲಿದ್ದ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. ಹೌದೆಂದು ತಲೆಯಾಡಿಸಿದರು.

"ನಂಗೆ ಗೊತ್ತಿದ್ದಿದ್ರೆ ಖಂಡಿತ ನಿಮ್ಮ ಕೈಲಿ ಓದಿಸ್ತಿರ್ಲಿಲ್ಲ," ಎಂದರು.

ನನಗೆ ಸಿಟ್ಟು ಉಕ್ಕಿತು. ಹೆತ್ತವಳಿಗೆ ಯಾರೂ ಒಂದು ಮಾತು ಹೇಳಲಿಲ್ಲ, ಇದು ಯಾವ ನ್ಯಾಯ ಎಂದು ರೇಗಿದೆ. ಅವರು ಎಂದಿನಂತೆ ನನ್ನ ಮುಖವನ್ನೇ ನೋಡಿದರು. ಮಿಕ್ಕಿದ್ದನ್ನು ನಿಮ್ಮ ಮಗಳನ್ನೇ ಕೇಳಿ, ಅದು ಅವಳದ್ದು, ನಾನು ಹೇಳುವ ಹಾಗಿಲ್ಲ ಎಂದಷ್ಟೇ ಹೇಳಿದರು.

ಅಂದು ಸಂಜೆ ನಿನ್ನ ಅಪ್ಪ ಕನ್ನಡಕದ ಅಂಗಡಿಯ ಕೆಲಸದಿಂದ ಬಂದು ತಮ್ಮ ಕನ್ನಡಕ ಒರೆಸುತ್ತಾ ಕೂತಿದ್ದರು. ನೀರು ಕೂಡ ಕೊಡದೆ ಕೇಳಿದೆ. ನಾಳೆ ಹಾಲು ತರಬೇಕಾ ಎನ್ನುವಷ್ಟು ತಣ್ಣಗೆ, "ಹೂಂ, ಬರ್ತಿದ್ಲು," ಎಂದರು. "ಗುರುವಾರ ಮಾತ್ರ ನಾನು ಗಡ್ಡ ಮಾಡ್ಕೋತಿದ್ದೆ. ಅವಳು ಬರ್ತಾಳೆ ಅಂತ."

ಹತ್ತು ವರ್ಷ ನನಗೇಕೆ ಹೇಳಲಿಲ್ಲ ಎಂದೆ.

"ಮನೆಗೆ ಬಂದ ಮೇಲೆ ಆ ಆಸ್ಪತ್ರೆ ಮಾತನ್ನೇ ಎತ್ತಬೇಡಿ ಅಂದೋಳು ನೀನೇ ಅಲ್ವಾ?"

ಹೌದು. ನಾನೇ. ಅವರು ಎದ್ದು ತಾವೇ ನೀರು ಕುಡಿದರು, ನನಗೂ ಒಂದು ಲೋಟ ತಂದಿಟ್ಟರು.

ಮೂರನೇ ದಿನ ಒಂದು ಹಾಳೆ ತುಂಬಬೇಕಿತ್ತು: ನಮ್ಮ ಶಾಲೆಯ ಸುತ್ತಮುತ್ತ ಮಕ್ಕಳಿಗೆ ಸಿಗುವ ನೆರವು. ಸುಮ್ಮನೆ ನೆನಪಿನಿಂದ ಬರೆಯಬೇಡಿ, ಪ್ರತಿಯೊಂದಕ್ಕೂ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ ಎಂದಿದ್ದರು. ಮೆಟ್ಟಿಲ ಮೇಲೆ ಕೂತು ಆ ಆಸ್ಪತ್ರೆಗೆ ಮಾಡಿದೆ. ಮಕ್ಕಳನ್ನು ಒಳಗೆ ಬಿಡುತ್ತೀರಾ ಎಂದೆ. ದೊಡ್ಡವರೊಬ್ಬರು ಜೊತೆಗಿದ್ದರೆ ಯಾವ ವಯಸ್ಸಿನ ಮಕ್ಕಳಾದರೂ ಬರಬಹುದು, ಗುರುವಾರ ಮಧ್ಯಾಹ್ನ ಎಂದಳು ಆ ಕಡೆಯವಳು. ಎಷ್ಟು ವರ್ಷದಿಂದ ಹೀಗೆ ಎಂದು ಕೇಳಿದೆ. ನಾನು ಕೆಲಸಕ್ಕೆ ಸೇರಿ ಹದಿನೈದು ವರ್ಷ, ಮೊದಲಿಂದಲೂ ಹೀಗೇ ಎಂದಳು. ನೀನು ಅಪ್ಪನನ್ನು ನೋಡಬೇಕೆಂದು ಅತ್ತಾಗೆಲ್ಲ, ಅಲ್ಲಿ ಮಕ್ಕಳನ್ನು ಬಿಡುವುದಿಲ್ಲ ಎಂದಿದ್ದೆನಲ್ಲ. ನಾನು ಕೇಳಿರಲೇ ಇಲ್ಲ. ಕೇಳಿದರೆ ಬಿಡುತ್ತೇವೆ ಎಂದುಬಿಟ್ಟಾರು ಎಂಬ ಭಯವಿತ್ತು ನನಗೆ.

ಹಾಳೆಯ ಮೊದಲ ಸಾಲಿನಲ್ಲಿ ಅದನ್ನೇ ಬರೆದಿದ್ದೇನೆ. ನಾಳೆ ನನ್ನ ಕೋಣೆಯ ಬಾಗಿಲಿಗೆ ಅಂಟಿಸುತ್ತೇನೆ.

ನೀನು ಏಕೆ ಬರೆದೆ ಎಂದು ಕೇಳುವುದಿಲ್ಲ. ಬರೆದದ್ದು ಒಳ್ಳೆಯದಾಯಿತು. ಮುಂದಿನ ಶನಿವಾರ ಬೆಳಗಿನ ಬಸ್ಸಿಗೆ ನಿನ್ನಲ್ಲಿಗೆ ಬರಲೇ? ಬೇಡವೆಂದರೂ ಸಿಟ್ಟಿಲ್ಲ. ಬಂದರೆ ನಾನು ಏನೂ ಹೇಳುವುದಿಲ್ಲ. ನೀನು ಹೇಳು, ಎಷ್ಟು ಹೊತ್ತಾದರೂ ಸರಿ.

ನಿನ್ನ ಕೆನ್ನೆ ತಟ್ಟಿದ ಕೈಯ ಬಗ್ಗೆ ನಾಚಿಕೆಯಿಂದ,
ನಿನ್ನ ಅಮ್ಮ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಲಕೋಟೆಗೆ ಅಂಟು ಹಚ್ಚಿ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಯಾರೂ ನನಗೆ ಒಂದು ಮಾತು ಹೇಳಲಿಲ್ಲ ಎಂದು ಮೇಲೆ ಬರೆದೆನಲ್ಲ, ಅದು ಸುಳ್ಳು. ಆ ವರ್ಷ ಒಂದು ಮಧ್ಯಾಹ್ನ ನಿಮ್ಮ ಶಾಲೆಯಿಂದ ನನ್ನ ಕಚೇರಿಗೆ ಫೋನ್ ಬಂದಿತ್ತು. ನಿಮ್ಮ ಮಗಳ ವಿಷಯ ಸ್ವಲ್ಪ ಮಾತಾಡಬೇಕಿತ್ತು ಎಂದಿತು ಒಂದು ಹೆಣ್ಣು ದನಿ. ನನ್ನೆದುರು ಬೇರೆ ಯಾರದೋ ಮಗು ಅಳುತ್ತಾ ಕೂತಿತ್ತು. "ನಾನೂ ಇದೇ ಕೆಲಸದಲ್ಲಿರೋಳು, ನನ್ನ ಮಗಳು ನಂಗೆ ಗೊತ್ತು," ಎಂದು ಫೋನ್ ಇಟ್ಟುಬಿಟ್ಟೆ. ಆ ದನಿ ಅವರದೇ. ಗುರುವಾರ ಕಿಟಕಿಯ ಬಳಿ ನಾನು ರೇಗಿದಾಗ ಅವರು ಅದನ್ನು ಎತ್ತಿ ಆಡಲಿಲ್ಲ. ನನ್ನ ಮುಖ ನೋಡಿದರು, ಅಷ್ಟೇ.