ಎರಡನೆಯ ಬಾಗಿನ

ಹಿರಿಯ ನೆಗೆಣ್ಣಿ ಎರ್ರೆಮ್ಮಕ್ಕನಿಗೆ, ಕೊಚ್ಚಿಯಿಂದ ಓಬಮ್ಮ ಬರೆಯುವುದು.

ಸಂಘದ ಹೆಂಗಸರೆಲ್ಲ ಸುಖವಾಗಿ ಬಂದು ಮುಟ್ಟಿದೆವು. ನನ್ನ ಮಂಡಿನೋವು ಬಸ್ಸಿನಲ್ಲೇ ಇಳಿದುಹೋಯಿತು. ಇಲ್ಲಿ ದೊಡ್ಡ ಮೀನುಬಲೆಯನ್ನು ನಮ್ಮ ಹಳೆಯ ಏತದ ಹಾಗೆ, ಹಿಂದೆ ಕಲ್ಲು ಕಟ್ಟಿ ಇಳಿಸಿ ಎತ್ತುತ್ತಾರೆ. ಅಬ್ಬಾ, ಎಷ್ಟು ನೀರು!

ನಮ್ಮೂರ ಕೆರೆ ಆ ವರ್ಷ ಕೋಡಿ ಬಿದ್ದಾಗ ನೀನು ನನ್ನ ಕೈಯಿಂದ ಬಾಗಿನದ ಮೊರ ಕಿತ್ತುಕೊಂಡು, “ಗಂಡ ಸತ್ತಾಕಿ ನೀ, ಹಿಂದ ನಿಂದ್ರು” ಎಂದಿದ್ದೆ, ನೆನಪಿದೆಯೇ? ನಾಳೆ ಬೆಳಗ್ಗೆ ದೋಣಿ ಹತ್ತಿ ಎದುರಿನ ವೈಪಿನ್ ದ್ವೀಪಕ್ಕೆ ಹೋಗುತ್ತೇನೆ. ಅಲ್ಲಿ ನಾನೇ ಸಮುದ್ರಕ್ಕೆ ಬಾಗಿನ ಬಿಡುತ್ತೇನೆ. ಸಂಘದ ಅಧ್ಯಕ್ಷೆ ನೀಲಗಂಗಮ್ಮ, “ಬ್ಯಾಡ ಬಿಡವ್ವ, ನೋಡಿದ ಮಂದಿ ಏನಂದಾರು?” ಎಂದಳು. “ಸಮುದ್ರ ಯಾರಪ್ಪಂದೂ ಅಲ್ಲ, ನಾ ಬಿಡಾಕಿನ” ಎಂದೆ.

ಹೋದ ವರ್ಷ ಭಾವ ತೀರಿಕೊಂಡರು. ಈ ಸಲ ಕೆರೆ ತುಂಬಿದಾಗ ನೀನೂ ಹಿಂದೆ ಬಂದು ನನ್ನ ಪಕ್ಕದಲ್ಲಿ ನಿಂತೆ. ಅವತ್ತೇ ನಾನು ಎರಡು ಬಾಗಿನಕ್ಕಾಗುವಷ್ಟು ಮೊರ ಕೊಂಡೆ. ಒಂದು ನಿನ್ನ ಹೆಸರಿನದು. ಬೇಡ ಅನ್ನಬೇಡ, ಈ ಕಾರ್ಡು ನಿನ್ನ ಕೈ ಸೇರುವ ಹೊತ್ತಿಗೆ ಅದು ಸಮುದ್ರ ಸೇರಿರುತ್ತದೆ.

ಓಬಮ್ಮ