ಬಲೆಯ ಗಂಟು ಹಾಕಿದ ನೂಲು

ಅಮ್ಮಾ,

ಬಂಗುಡೆ ಮೀನಿನ ಗಸಿ ಬಿಸಿ ಮಾಡಿಟ್ಟಿದ್ದೇನೆ, ಅನ್ನ ಕುಕ್ಕರಿನಲ್ಲಿ ಉಂಟು.

ನೀನು ನನ್ನ ಕೈಗೆ ಕಟ್ಟಿದ ಕಡಿಯಾಳಿ ದೇವಸ್ಥಾನದ ನೂಲು ದೇವರ ಫೋಟೋದ ಹತ್ತಿರ ಉಂಟು. ಕತ್ತರಿಸಿದ್ದು ನಾನೇ, ಅಳಬೇಡ. ಆಪರೇಷನ್ ಥಿಯೇಟರಿಗೆ ಹೋಗುವಾಗ ಮೊಣಕೈವರೆಗೆ ಏನೂ ಇರಬಾರದು ಎಂದು ಎಷ್ಟು ಸಲ ಹೇಳಿದ್ದೇನೆ? ಇಷ್ಟು ದಿನ ಬಸ್ಸಿನಲ್ಲಿ ಬಿಚ್ಚಿಡುತ್ತಿದ್ದೆ, ಸಂಜೆ ಹಲ್ಲಿನಲ್ಲಿ ಕಚ್ಚಿ ಕಟ್ಟಿಕೊಂಡು ಬರುತ್ತಿದ್ದೆ. ಮೊನ್ನೆ ನೀನು ಬಲೆಗೆ ಹಾಕುವ ಗಂಟು ಹಾಕಿದ್ದೀ. ಅದು ಬಿಚ್ಚಲೇ ಇಲ್ಲ ಮಾರಾಯ್ತಿ! ಆಸ್ಪತ್ರೆಯಲ್ಲಿ ಟ್ರೈನಿಂಗ್ ಕೊಡುವ ಮೇಡಂ ಎಲ್ಲರೆದುರು ನನ್ನನ್ನು ಹೊರಗೆ ನಿಲ್ಲಿಸಿದರು. ಇನ್ನೊಮ್ಮೆ ಹೀಗಾದರೆ ಟ್ರೈನಿಂಗೇ ಇಲ್ಲವಂತೆ.

ನೂಲು ಕಟ್ಟಿಕೊಂಡು ಅಲ್ಲಿಗೆ ಹೋಗುವಂತಿಲ್ಲ, ನೂಲಿಲ್ಲದೆ ಮನೆಗೆ ಬರುವಂತಿಲ್ಲ. ನಾನು ಎಂತ ಮಾಡುವುದು?

ಸಂಜೆ ಬಾಗಿಲಲ್ಲಿ ನನ್ನ ಕೈ ನೋಡಬೇಡ ಅಮ್ಮಾ. ಒಂದು ದಿನ ಮುಖ ನೋಡು.

ಶ್ರೇಯಾ